ಬಾಲ್ ಬೀಳದ ದಿನವೂ ಗೆದ್ದ ತಂಡ

ಕಳೆದ ಸಂಚಿಕೆಯಲ್ಲಿ ಓದುಗರೊಬ್ಬರಿಗೆ ಉತ್ತರ ಬರೆಯುತ್ತಾ, ವೃತ್ತಿಪರ ಬ್ಯಾಸ್ಕೆಟ್‌ಬಾಲ್‌ನಲ್ಲಿ ಇದುವರೆಗಿನ ಶ್ರೇಷ್ಠ ತಂಡ ಅಂದರೆ ಅಮೆರಿಕದ ಎನ್‌ಬಿಎ ಲೀಗಿನ 1995–96ರ ಶಿಕಾಗೊ ಬುಲ್ಸ್ ಎಂದು ಒಂದೇ ಸಾಲಿನಲ್ಲಿ ಹೇಳಿ ಮುಗಿಸಿದ್ದೆ. ಆ ಒಂದು ಸಾಲಿಗೆ ಬಂದ ಪತ್ರಗಳು ಮೇಜಿನ ಮೇಲೆ ರಾಶಿ ಬಿದ್ದಿವೆ. ಒಪ್ಪಿದವರು ಕಡಿಮೆ, ಒಪ್ಪದವರು ಜಾಸ್ತಿ. ನನಗೆ ಸಂತೋಷವೇ. ಈ ಸಲ ಪುಟ ಪೂರ್ತಿ ಇದಕ್ಕೇ ಮೀಸಲು.

ಪ್ರಶ್ನೆ: ಬುಲ್ಸ್ 82ರಲ್ಲಿ 72 ಪಂದ್ಯ ಗೆದ್ದಿತು, ಸರಿ. ಆದರೆ 2015–16ರಲ್ಲಿ ಗೋಲ್ಡನ್ ಸ್ಟೇಟ್ ವಾರಿಯರ್ಸ್ 73 ಗೆದ್ದಿದೆ. ದಾಖಲೆ ಅವರದು ಅಂದಮೇಲೆ ಶ್ರೇಷ್ಠ ತಂಡವೂ ಅವರದೇ ಅಲ್ವಾ? (ದಾವಣಗೆರೆಯ ಓದುಗರು)

ಉತ್ತರ: ದಾಖಲೆ ಅವರದೇ. ಅದನ್ನು ಕಡಿಮೆ ಮಾಡಿ ಹೇಳುವುದಿಲ್ಲ. ಸೀಸನ್‌ನ ಮೊದಲ 24 ಪಂದ್ಯಗಳನ್ನೂ ಒಂದೂ ಸೋಲದೆ ಗೆದ್ದರು. ಸ್ಟೀಫನ್ ಕರಿ ಒಬ್ಬರೇ ಆ ವರ್ಷ 402 ತ್ರೀ ಪಾಯಿಂಟರ್ (ದೂರದ ಗೆರೆಯಾಚೆಯಿಂದ ಎಸೆದು ಗಳಿಸುವ ಮೂರು ಅಂಕದ ಶಾಟ್) ಹಾಕಿದರು, ಅದುವರೆಗೆ ಯಾರೂ 300 ಕೂಡ ಮುಟ್ಟಿರಲಿಲ್ಲ. ಆದರೆ ಜೂನ್ ತಿಂಗಳಲ್ಲಿ ಏನಾಯಿತು ನೋಡಿ. ಮೊದಲು ನಾಲ್ಕು ಪಂದ್ಯ ಗೆದ್ದವರಿಗೆ ಪ್ರಶಸ್ತಿ ಸಿಗುವ ಫೈನಲ್ಸ್‌ನಲ್ಲಿ ಕ್ಲೀವ್‌ಲ್ಯಾಂಡ್ ಮೇಲೆ 3–1 ಮುಂದಿದ್ದವರು ಉಳಿದ ಮೂರೂ ಪಂದ್ಯ ಸೋತರು. ಫೈನಲ್ಸ್‌ನಲ್ಲಿ ಆ ಸ್ಥಿತಿಯಿಂದ ಸೋತ ತಂಡ ಅದಕ್ಕೆ ಮೊದಲು ಒಂದೂ ಇರಲಿಲ್ಲ. ಏಳನೇ ಪಂದ್ಯ, ಅದೂ ತಮ್ಮದೇ ಊರಲ್ಲಿ, 89–89ಕ್ಕೆ ಸಮವಾಗಿ ನಿಂತಿತ್ತು. ಇನ್ನೂ ನಾಲ್ಕೂವರೆ ನಿಮಿಷಕ್ಕಿಂತ ಜಾಸ್ತಿ ಆಟ ಬಾಕಿ. ಅಲ್ಲಿಂದ ಕೊನೆಯ ಗಂಟೆ ಹೊಡೆಯುವವರೆಗೆ ವಾರಿಯರ್ಸ್‌ಗೆ ಒಂದೇ ಒಂದು ಅಂಕ ಬರಲಿಲ್ಲ. ಕ್ಲೀವ್‌ಲ್ಯಾಂಡ್‌ನ ಲೆಬ್ರಾನ್ ಜೇಮ್ಸ್ ಹಿಂದಿನಿಂದ ಓಡಿ ಬಂದು ವಾರಿಯರ್ಸ್‌ನ ಇಗೊಡಾಲ ಅವರ ಶಾಟನ್ನು ಬೋರ್ಡಿಗೆ ಬಡಿದು ತಡೆದರು, ಅವರದೇ ತಂಡದ ಕೈರಿ ಇರ್ವಿಂಗ್, ಸ್ಟೀಫನ್ ಕರಿ ಅವರ ಎದುರಲ್ಲೇ ತ್ರೀ ಪಾಯಿಂಟರ್ ಹಾಕಿದರು, 93–89ಕ್ಕೆ ಕಥೆ ಮುಗಿಯಿತು.

ನಾನು ತಂಡವನ್ನು ಅಳೆಯುವುದು ಇಲ್ಲೇ. ಬಾಲ್ ರಿಂಗಿನೊಳಗೆ ಬೀಳುವ ದಿನ ಎಲ್ಲ ತಂಡವೂ ಚೆನ್ನಾಗಿಯೇ ಕಾಣುತ್ತದೆ. ಬೀಳದ ದಿನ ಏನು ಮಾಡುತ್ತಾರೆ?

ಈಗ 1996ರ ಜೂನ್ 16ಕ್ಕೆ ಬನ್ನಿ. ಸಿಯಾಟಲ್ ಸೂಪರ್‌ಸಾನಿಕ್ಸ್ ಎದುರು ಫೈನಲ್ಸ್‌ನ ಆರನೇ ಪಂದ್ಯ. ಬುಲ್ಸ್ ಮೊದಲ ಮೂರು ಗೆದ್ದು, ಆಮೇಲೆ ಸಿಯಾಟಲ್‌ನಲ್ಲಿ ಎರಡು ಸೋತು ಶಿಕಾಗೊಗೆ ವಾಪಸಾಗಿತ್ತು. ನಾಲ್ಕನೇ ಪಂದ್ಯದಿಂದ ಸಿಯಾಟಲ್‌ನ ಗ್ಯಾರಿ ಪೇಟನ್ ಬುಲ್ಸ್‌ನ ಮೈಕೆಲ್ ಜೋರ್ಡಾನ್ ಅವರ ಬೆನ್ನು ಬಿಟ್ಟಿರಲಿಲ್ಲ. ಅವತ್ತು ಅಮೆರಿಕದಲ್ಲಿ ಅಪ್ಪಂದಿರ ದಿನ ಬೇರೆ. ಮೂರು ವರ್ಷ ಹಿಂದೆ ಜೋರ್ಡಾನ್ ಅವರ ತಂದೆಯನ್ನು ದರೋಡೆಕೋರರು ಕೊಂದಿದ್ದರು. ಆ ಭಾರ ಹೊತ್ತು ಆಡಿದ ಜೋರ್ಡಾನ್ 19 ಶಾಟ್ ಎಸೆದು 5 ಮಾತ್ರ ಹಾಕಿದರು. ಲೀಗಿನ ಅತಿ ದೊಡ್ಡ ಆಟಗಾರ, 19ಕ್ಕೆ 5! ಆದರೂ ಬುಲ್ಸ್ 87–75ಕ್ಕೆ ಗೆದ್ದಿತು. ಎದುರಾಳಿ 75 ದಾಟದಂತೆ ನೋಡಿಕೊಂಡರು, ತಮ್ಮವರ ಶಾಟ್ ತಪ್ಪಿದಾಗೆಲ್ಲ ಡೆನಿಸ್ ರಾಡ್‌ಮನ್ ಆ ಬಾಲನ್ನು ವಾಪಸ್ ತಂದು ಕೊಟ್ಟರು. ಗೆದ್ದಮೇಲೆ ಜೋರ್ಡಾನ್ ಬಾಲನ್ನು ಎದೆಗೆ ಅವಚಿಕೊಂಡು ಡ್ರೆಸ್ಸಿಂಗ್ ರೂಮಿನ ನೆಲದ ಮೇಲೆ ಬಿದ್ದು ಅತ್ತರು. ಆ ದೃಶ್ಯ ನೋಡಿ ಗಂಟಲು ಕಟ್ಟದವರು ಇದ್ದಾರಾ, ನನಗಂತೂ ಗೊತ್ತಿಲ್ಲ.

ಬಾಲ್ ಬೀಳದ ದಿನವೂ ಗೆಲ್ಲುವ ದಾರಿ 2016ರ ಆ ಏಳನೇ ಪಂದ್ಯದಲ್ಲಿ ವಾರಿಯರ್ಸ್‌ಗೆ ಸಿಗಲಿಲ್ಲ, ಬುಲ್ಸ್‌ಗೆ ಸಿಕ್ಕಿತ್ತು. ನಾನು 72 ಅನ್ನು 73ಕ್ಕಿಂತ ಮೇಲಿಡುವುದು ಇದಕ್ಕೇ. ಪ್ಲೇಆಫ್ (82 ಪಂದ್ಯ ಮುಗಿದ ಮೇಲೆ ಪ್ರಶಸ್ತಿಗಾಗಿ ಆಡುವ ಸುತ್ತುಗಳು) ಸೇರಿಸಿದರೆ ಬುಲ್ಸ್ ಆ ವರ್ಷ ಆಡಿದ್ದು ಸರಿಯಾಗಿ 100 ಪಂದ್ಯ. ಗೆದ್ದಿದ್ದು 87.

ಪ್ರಶ್ನೆ: ಆ ವರ್ಷ ರಾಡ್‌ಮನ್ ಪಂದ್ಯಕ್ಕೆ ಸರಾಸರಿ ಆರು ಅಂಕವನ್ನೂ ಗಳಿಸುತ್ತಿರಲಿಲ್ಲ. ಅವರನ್ನೇಕೆ ಎಲ್ಲರೂ ಇಷ್ಟು ಹೊಗಳುತ್ತಾರೆ? ಕೂದಲ ಬಣ್ಣಕ್ಕಾ? (ಶಿವಮೊಗ್ಗದ ಕಾಲೇಜು ವಿದ್ಯಾರ್ಥಿ)

ಉತ್ತರ: ಕೂದಲ ಬಣ್ಣ ಪತ್ರಿಕೆಯವರಿಗೆ ಬೇಕಿತ್ತು. ತಂಡಕ್ಕೆ ಬೇಕಿದ್ದದ್ದು ರಿಬೌಂಡ್, ಅಂದರೆ ತಪ್ಪಿದ ಶಾಟ್‌ನ ಬಾಲನ್ನು ಹಿಡಿಯುವುದು. ಆ ಸೀಸನ್‌ನಲ್ಲಿ ಅವರ ಸರಾಸರಿ ಪಂದ್ಯಕ್ಕೆ 14.9 ರಿಬೌಂಡ್, ಇಡೀ ಲೀಗಿಗೇ ಮೊದಲ ಸ್ಥಾನ. 1992ರಿಂದ 1998ರವರೆಗೆ ಸತತ ಏಳು ವರ್ಷ ಆ ಸ್ಥಾನ ಅವರದೇ. ಏಳಡಿಯವರ ನಡುವೆ ನಿಂತು ಆಡುವ ಈ ಮನುಷ್ಯನ ಎತ್ತರ ಆರಡಿ ಏಳು ಇಂಚು ಮಾತ್ರ.

ಅದು ಬರೀ ಜಿಗಿತದಿಂದ ಬಂದದ್ದಲ್ಲ. ರಾತ್ರಿ ಹೊತ್ತು ಜಿಮ್ಮಿನಲ್ಲಿ ಗೆಳೆಯರಿಗೆ ಬೇರೆ ಬೇರೆ ಜಾಗದಿಂದ ಶಾಟ್ ಹೊಡೆಯಲು ಹೇಳಿ, ಬಾಲ್ ಹೇಗೆ ಸುತ್ತುತ್ತದೆ, ರಿಂಗಿಗೆ ತಾಗಿ ಯಾವ ಕಡೆ ಚಿಮ್ಮುತ್ತದೆ ಎಂದು ನೋಡುತ್ತಾ ನಿಲ್ಲುತ್ತಿದ್ದರಂತೆ. ಯಾರು ಎಸೆದರೆ ಎಲ್ಲಿ ಬೀಳುತ್ತದೆ ಅನ್ನುವುದು ಬಾಯಿಪಾಠ. 1996ರ ಫೈನಲ್ಸ್‌ನ ಎರಡನೇ ಪಂದ್ಯದಲ್ಲಿ 20 ರಿಬೌಂಡ್, ಆರನೇ ಪಂದ್ಯದಲ್ಲಿ 19. ಎರಡರಲ್ಲೂ ತಮ್ಮದೇ ತಂಡದ ತಪ್ಪಿದ ಶಾಟ್‌ಗಳಿಂದ ಹಿಡಿದದ್ದು ಹನ್ನೊಂದು ಹನ್ನೊಂದು. ಹನ್ನೊಂದು ಸಲ ಆಟ ಕೈ ಜಾರಿತು ಅಂದುಕೊಳ್ಳುವಷ್ಟರಲ್ಲಿ ಮತ್ತೆ ಬಾಲ್ ನಿಮ್ಮ ಕೈಗೇ ಬಂತು ಅಂದರೆ ಎದುರಾಳಿಯ ಮನಸ್ಸು ಏನಾಗಬೇಡ? ಸಿಯಾಟಲ್‌ನ ಕೋಚ್ ಜಾರ್ಜ್ ಕಾರ್ಲ್ ಕೂಡ ತಮ್ಮನ್ನು ಎರಡು ಪಂದ್ಯಗಳಲ್ಲಿ ಸೋಲಿಸಿದ್ದು ರಾಡ್‌ಮನ್ ಎಂದು ಒಪ್ಪಿಕೊಂಡರು.

ಇನ್ನೊಂದು ವಿಷಯ ನನಗೆ ಬಹಳ ಮುಖ್ಯ. ಈ ರಾಡ್‌ಮನ್ ಮೊದಲು ಡೆಟ್ರಾಯಿಟ್ ಪಿಸ್ಟನ್ಸ್‌ನಲ್ಲಿದ್ದವರು, ಬುಲ್ಸ್‌ನ ಹಳೇ ಶತ್ರು. 1991ರಲ್ಲಿ ಬುಲ್ಸ್‌ನ ಸ್ಕಾಟಿ ಪಿಪ್ಪೆನ್ ಅವರನ್ನು ಹಿಂದಿನಿಂದ ತಳ್ಳಿ ಬೀಳಿಸಿದ್ದರು, ಗದ್ದ ಒಡೆದು ಹೊಲಿಗೆ ಹಾಕಬೇಕಾಯಿತು. ಅಂಥವರನ್ನು 1995ರ ಅಕ್ಟೋಬರ್‌ನಲ್ಲಿ, ಆಗ ಅವರಿದ್ದ ಸ್ಯಾನ್ ಆಂಟೋನಿಯೊ ತಂಡದಿಂದ, ವಿಲ್ ಪರ್ಡ್ಯೂ ಎಂಬ ಆಟಗಾರನನ್ನು ಕೊಟ್ಟು ತಂದುಕೊಂಡರು. ಅದೇ ಪಿಪ್ಪೆನ್ ಅವರ ಪಕ್ಕದಲ್ಲಿ ನಿಂತು ಇವರು ಆಡಿದರು. ಗಾಯ ಮರೆತು ಪಾಸ್ ಕೊಡುವುದು ಸುಲಭ ಅಲ್ಲ. ಆ ವರ್ಷ ಲೀಗಿನ ಅತ್ಯುತ್ತಮ ಡಿಫೆನ್ಸ್ ಆಟಗಾರರ ಮೊದಲ ಐದರ ಪಟ್ಟಿಯಲ್ಲಿ ಮೂವರು ಬುಲ್ಸ್‌ನವರು: ಜೋರ್ಡಾನ್, ಪಿಪ್ಪೆನ್, ರಾಡ್‌ಮನ್.

ಜೊತೆಗೆ ರಾನ್ ಹಾರ್ಪರ್ ಹೆಸರನ್ನೂ ಹೇಳಲೇಬೇಕು, ಯಾಕೋ ಎಲ್ಲರೂ ಮರೆಯುತ್ತಾರೆ. ಹಳೇ ತಂಡದಲ್ಲಿ ಪಂದ್ಯಕ್ಕೆ 20 ಅಂಕ ಗಳಿಸುತ್ತಿದ್ದವರು ಇಲ್ಲಿ 7ಕ್ಕೆ ಇಳಿದರು. ಶಾಟ್ ಬಿಟ್ಟು ಎದುರಾಳಿಯ ಗಾರ್ಡನ್ನು (ಬಾಲ್ ನಡೆಸುವ ಆಟಗಾರನನ್ನು) ಕಟ್ಟಿಹಾಕುವ ಕೆಲಸ ಹಿಡಿದರು.

ಪ್ರಶ್ನೆ: 1992ರ ಡ್ರೀಮ್ ಟೀಮ್ ಬಿಟ್ಟು ಶ್ರೇಷ್ಠ ತಂಡದ ಮಾತಾಡುತ್ತಿದ್ದೀರಲ್ಲ! (ಹುಬ್ಬಳ್ಳಿಯಿಂದ)

ಉತ್ತರ: ಅದು ಒಲಿಂಪಿಕ್ಸ್‌ಗೆ ಹೋದ ಅಮೆರಿಕ ದೇಶದ ತಂಡ. ಒಂದು ಬೇಸಿಗೆ ಮಾತ್ರ ಕೂಡಿ ಆಡಿದರು. ಬಾರ್ಸಿಲೋನಾದಲ್ಲಿ ಎಂಟು ಪಂದ್ಯ ಆಡಿ ಎಂಟನ್ನೂ ಸುಲಭವಾಗಿ ಗೆದ್ದರು. ಕಷ್ಟವೇ ಬರದ ತಂಡವನ್ನು ನನ್ನ ಅಳತೆಗೋಲಿನಲ್ಲಿ ಅಳೆಯಲು ಆಗುವುದಿಲ್ಲ.

ಪ್ರಶ್ನೆ: ಬುಲ್ಸ್ 72 ಗೆದ್ದ ವರ್ಷ ಟೊರಾಂಟೊ, ವ್ಯಾಂಕೂವರ್ ಎಂಬ ಎರಡು ಹೊಸ ತಂಡ ಸೇರಿದವು. ಲೀಗ್ ದುರ್ಬಲ ಆಗಿತ್ತು, ಅದಕ್ಕೇ 72 ಆಯಿತು ಅಂತಾರೆ. ನಿಜವೇ? (ಬೆಂಗಳೂರಿನ ಜಯನಗರದಿಂದ)

ಉತ್ತರ: ಸ್ವಲ್ಪ ನಿಜ. ತಂಡಗಳು 29 ಆದವು, ಒಳ್ಳೆಯ ಆಟಗಾರರು ಹಂಚಿಹೋದರು. ಆದರೆ ತಮಾಷೆ ನೋಡಿ, ಬುಲ್ಸ್ ಸೋತ ಆ 10 ಪಂದ್ಯಗಳಲ್ಲಿ ಒಂದು ಹೊಸ ಟೊರಾಂಟೊ ಎದುರೇ, 109–108, ಒಂದೇ ಅಂಕದಲ್ಲಿ. ದುರ್ಬಲರನ್ನು ಬಡಿದು ಮಾತ್ರ ದೊಡ್ಡವರಾದರು ಅನ್ನುವ ಲೆಕ್ಕ ಅಲ್ಲಿಗೇ ತಪ್ಪುತ್ತದೆ. ಹೊಸ ತಂಡಗಳು ಬಂದದ್ದು ಬುಲ್ಸ್‌ಗೆ ಮಾತ್ರ ಅಲ್ಲ, ಉಳಿದವರಿಗೂ ಅದೇ ಲೀಗ್. 64 ಗೆದ್ದ ಸಿಯಾಟಲ್ ಬಿಟ್ಟರೆ ಹತ್ತಿರಕ್ಕೂ ಯಾರೂ ಬರಲಿಲ್ಲ. ಮೊದಲ 44 ಪಂದ್ಯಗಳಲ್ಲಿ ಬುಲ್ಸ್ ಸೋತದ್ದು ಮೂರು. ಸೀಸನ್ ಪೂರ್ತಿ ಲೆಕ್ಕ ಹಾಕಿದರೆ ಸರಾಸರಿ 12 ಅಂಕದ ಅಂತರದಲ್ಲಿ ಗೆದ್ದಿದ್ದಾರೆ.

ಪ್ರಶ್ನೆ: 1996ರ ಬುಲ್ಸ್ ಮತ್ತು 2017ರ ವಾರಿಯರ್ಸ್ ಎದುರುಬದುರಾದರೆ ಯಾರು ಗೆಲ್ಲುತ್ತಾರೆ? ನಾನೂ ನನ್ನ ತಮ್ಮನೂ ಇದೇ ವಿಷಯಕ್ಕೆ ಎರಡು ದಿನ ಮಾತು ಬಿಟ್ಟಿದ್ದೆವು. (ತುಮಕೂರಿನಿಂದ)

ಉತ್ತರ: ಮೊದಲು ತಮ್ಮನ ಹತ್ತಿರ ಮಾತಾಡಿ. ಆಮೇಲೆ ಇಬ್ಬರೂ ಕೂತು ಒಂದು ಪ್ರಶ್ನೆ ಕೇಳಿಕೊಳ್ಳಿ: ಯಾವ ನಿಯಮದಲ್ಲಿ ಆಡುವುದು?

1996ರಲ್ಲಿ ಡಿಫೆನ್ಸ್ ಮಾಡುವವನು ಕೈಯಿಟ್ಟು ಎದುರಾಳಿಯನ್ನು ತಡೆದರೆ ರೆಫರಿ ಅಷ್ಟಾಗಿ ಶಿಳ್ಳೆ ಊದುತ್ತಿರಲಿಲ್ಲ. 2004ರ ನಂತರ ಅದು ಬಿಗಿಯಾಯಿತು. ಅತ್ತ, ಆಳು ಬಿಟ್ಟು ಜಾಗ ಕಾಯುವ ಝೋನ್ ಡಿಫೆನ್ಸ್ ಆಗ ಇರಲಿಲ್ಲ, ಅದಕ್ಕೆ ಒಪ್ಪಿಗೆ ಸಿಕ್ಕಿದ್ದು 2001–02ರಿಂದ. ತ್ರೀ ಪಾಯಿಂಟರ್ ಗೆರೆ ಕೂಡ 1994ರಿಂದ ಮೂರು ಸೀಸನ್ ಹತ್ತಿರಕ್ಕೆ ಬಂದಿತ್ತು, ಸುತ್ತಲೂ 22 ಅಡಿ. ಹಳೇ ನಿಯಮ ಇಟ್ಟರೆ ಪಿಪ್ಪೆನ್ ಮತ್ತು ಹಾರ್ಪರ್ ಸ್ಟೀಫನ್ ಕರಿ ಅವರನ್ನು ಉಸಿರಾಡಲು ಬಿಡುವುದಿಲ್ಲ, ಬುಲ್ಸ್ ಗೆಲ್ಲುತ್ತದೆ. ಇವತ್ತಿನ ನಿಯಮ ಇಟ್ಟರೆ ವಾರಿಯರ್ಸ್ ಅನ್ನುವುದೇ ನನ್ನ ಅನಿಸಿಕೆ. 2016–17ರಲ್ಲಿ ಕೆವಿನ್ ಡ್ಯುರಾಂಟ್ ಸೇರಿಕೊಂಡು ಪ್ಲೇಆಫ್‌ನಲ್ಲಿ 16 ಗೆದ್ದು ಒಂದೇ ಒಂದು ಸೋತ ತಂಡ ಅದು. ಸುಮ್ನೆ ಬುಲ್ಸ್ ಬುಲ್ಸ್ ಅನ್ನುವುದಿಲ್ಲ ನಾನು.

ಇಬ್ಬರಿಗೂ ಸೇರಿದ ಒಬ್ಬರಿದ್ದಾರೆ, ಸ್ಟೀವ್ ಕೆರ್. 1996ರಲ್ಲಿ ಬುಲ್ಸ್ ಬೆಂಚಿನಿಂದ ಎದ್ದು ಬಂದು ತ್ರೀ ಪಾಯಿಂಟರ್ ಹಾಕುತ್ತಿದ್ದವರು, ಇಪ್ಪತ್ತು ವರ್ಷದ ಮೇಲೆ ವಾರಿಯರ್ಸ್‌ನ ಕೋಚ್. ಬುಲ್ಸ್‌ನಲ್ಲಿ ಕೋಚ್ ಫಿಲ್ ಜಾಕ್ಸನ್ ಮತ್ತು ಅವರ ಹಿರಿಯ ಸಹಾಯಕ ಟೆಕ್ಸ್ ವಿಂಟರ್ ಆಡಿಸುತ್ತಿದ್ದ ಟ್ರಯಾಂಗಲ್ ಆಟವನ್ನು ಕೆರ್ ಒಳಗಿನಿಂದ ಕಲಿತವರು. ಮೂವರು ಒಂದು ಬದಿಯಲ್ಲಿ ತ್ರಿಕೋನವಾಗಿ ನಿಲ್ಲುತ್ತಾರೆ, ಇನ್ನಿಬ್ಬರು ಆ ಕಡೆ. ಮುಂದಿನ ಪಾಸ್ ಯಾರಿಗೆ ಅನ್ನುವುದು ಮೊದಲೇ ನಿಶ್ಚಯ ಆಗಿರುವುದಿಲ್ಲ, ಡಿಫೆನ್ಸ್ ಎತ್ತ ವಾಲಿತು ಅಂತ ನೋಡಿ ಅದರ ವಿರುದ್ಧ ಕೊಡುವುದು. ವಾರಿಯರ್ಸ್ ಆಟ ನೋಡುವಾಗ ಆ ಪಾಸ್‌ಗಳ ಓಟದಲ್ಲಿ ನನಗೆ ಹಳೇ ಬುಲ್ಸ್ ಕಾಣುತ್ತದೆ. ಹಾಗಾಗಿ ನಿಮ್ಮಿಬ್ಬರ ಜಗಳ ಒಂದೇ ಮನೆಯ ಅಪ್ಪ ಮಗನ ನಡುವಿನ ಪಂದ್ಯದ ಬಗ್ಗೆ.

ಪ್ರಶ್ನೆ: ನನಗೀಗ 71. ಕೆಲಸದ ಮೇಲೆ ಅಮೆರಿಕದ ಬಾಸ್ಟನ್‌ನಲ್ಲಿ ಬಹಳ ವರ್ಷ ಇದ್ದೆ. ನಿಮ್ಮ ಬುಲ್ಸ್‌ಗೆ ಒಟ್ಟು ಆರು ಪ್ರಶಸ್ತಿ. ಬಾಸ್ಟನ್ ಸೆಲ್ಟಿಕ್ಸ್‌ನ ಬಿಲ್ ರಸೆಲ್ ಒಬ್ಬರಿಗೇ ಹನ್ನೊಂದು. ಹನ್ನೊಂದು, ಸ್ವಾಮಿ! (ಮೈಸೂರಿನ ಹಿರಿಯ ಓದುಗರು)

ಉತ್ತರ: ತಮ್ಮ ಪತ್ರವನ್ನು ಎರಡು ಸಲ ಓದಿದೆ. ಒಂದು ವರ್ಷದ ತಂಡ ಅನ್ನದೆ ಒಂದು ಕಾಲದ ತಂಡ ಅಂತ ಕೇಳಿದ್ದರೆ ನಾನು ಬಾಸ್ಟನ್ ಸೆಲ್ಟಿಕ್ಸ್ ಹೆಸರನ್ನೇ ಹೇಳುತ್ತಿದ್ದೆ, ಎರಡನೇ ಯೋಚನೆ ಇಲ್ಲದೆ. 1957ರಿಂದ 1969ರವರೆಗೆ 13 ಸೀಸನ್, 11 ಪ್ರಶಸ್ತಿ. ಅದರಲ್ಲಿ 1959ರಿಂದ 1966ರವರೆಗೆ ಸತತ ಎಂಟು. ರಸೆಲ್ ಕಾಲದಲ್ಲಿ ಏಳನೇ ಪಂದ್ಯದವರೆಗೆ ಎಳೆದ ಸರಣಿಗಳು ಹತ್ತು, ಹತ್ತನ್ನೂ ಗೆದ್ದಿದ್ದಾರೆ. ಬಾಲ್ ಬೀಳದ ದಿನದ ನನ್ನ ಅಳತೆಗೋಲಿಗೆ ಇದಕ್ಕಿಂತ ದೊಡ್ಡ ಉತ್ತರ ಇಲ್ಲ. ಆಗ ಹೆಚ್ಚಿನ ವರ್ಷ ತಂಡಗಳು ಎಂಟೋ ಒಂಬತ್ತೋ ಇದ್ದವು ಎಂದು ಕೆಲವರು ಮೂಗು ಮುರಿಯುತ್ತಾರೆ. ಆದರೆ ತಂಡ ಕಡಿಮೆ ಅಂದರೆ ಪ್ರತಿ ತಂಡದಲ್ಲೂ ಒಳ್ಳೆಯವರೇ ತುಂಬಿರುತ್ತಾರೆ ಅಲ್ವಾ? ವಾರವಾರ ಅದೇ ಗಟ್ಟಿಗರನ್ನು ಎದುರಿಸಬೇಕು.

ರಸೆಲ್ ಶಾಟ್ ತಡೆಯುವ ರೀತಿ ನನಗೆ ಪಾಠ. ಬಾಲನ್ನು ಪ್ರೇಕ್ಷಕರ ಕಡೆ ಬಡಿದು ಚಪ್ಪಾಳೆ ಗಿಟ್ಟಿಸಬಹುದಿತ್ತು. ಅವರು ಬೆರಳ ತುದಿಯಿಂದ ತಟ್ಟಿ ತಮ್ಮವನ ಕೈಗೇ ಬೀಳಿಸುತ್ತಿದ್ದರು, ಅಲ್ಲಿಂದಲೇ ಓಟ ಶುರು. ಎಷ್ಟು ತಡೆದರು ಅನ್ನುವ ಲೆಕ್ಕವೇ ಇಲ್ಲ, ಏಕೆಂದರೆ ಲೀಗ್ ಅದನ್ನು ಎಣಿಸಲು ಶುರುಮಾಡಿದ್ದು 1973ರ ಮೇಲೆ. ಕೋರ್ಟಿನ ಹೊರಗೂ ಅವರು ಬಾಗಲಿಲ್ಲ. 1961ರಲ್ಲಿ ಕೆಂಟಕಿಯ ಲೆಕ್ಸಿಂಗ್ಟನ್‌ನಲ್ಲಿ ಕಪ್ಪು ಜನಾಂಗದವರೆಂಬ ಕಾರಣಕ್ಕೆ ಸೆಲ್ಟಿಕ್ಸ್ ಆಟಗಾರರಿಗೆ ಹೋಟೆಲಿನಲ್ಲಿ ಊಟ ಕೊಡಲಿಲ್ಲ. ರಸೆಲ್, ಸ್ಯಾಮ್ ಜೋನ್ಸ್ ಮತ್ತು ಜೊತೆಯ ಕಪ್ಪು ಆಟಗಾರರು ಪಂದ್ಯ ಆಡದೆ ವಿಮಾನ ಹತ್ತಿ ಹೊರಟರು. 1964ರ ಡಿಸೆಂಬರ್ 26ರಂದು ಲೀಗಿನಲ್ಲೇ ಮೊದಲ ಸಲ ಐದಕ್ಕೈದು ಕಪ್ಪು ಆಟಗಾರರನ್ನು ಇಳಿಸಿ ಪಂದ್ಯ ಶುರುಮಾಡಿದ್ದೂ ಇದೇ ಸೆಲ್ಟಿಕ್ಸ್, ಕೋಚ್ ರೆಡ್ ಔರ್‌ಬ್ಯಾಕ್. ಔರ್‌ಬ್ಯಾಕ್ ಕೋಚ್ ಕೆಲಸ ಬಿಟ್ಟ ಮೇಲೆ ಆಟಗಾರನೂ ಕೋಚೂ ಎರಡೂ ರಸೆಲ್ ಅವರೇ.

1969ರದ್ದು ಹೇಳದೆ ಬಿಟ್ಟರೆ ನೀವು ಬೇಜಾರು ಮಾಡಿಕೊಳ್ಳುತ್ತೀರಿ. ಆ ವರ್ಷ ಸೆಲ್ಟಿಕ್ಸ್ ಮುದುಕಾಗಿತ್ತು, ಪೂರ್ವ ವಿಭಾಗದಲ್ಲಿ ನಾಲ್ಕನೇ ಸ್ಥಾನ. ಫೈನಲ್ಸ್‌ನಲ್ಲಿ ಎದುರು ನಿಂತ ಲಾಸ್ ಏಂಜಲೀಸ್ ಲೇಕರ್ಸ್‌ನಲ್ಲಿ ಜೆರ್ರಿ ವೆಸ್ಟ್, ಎಲ್ಜಿನ್ ಬೇಲರ್, ವಿಲ್ಟ್ ಚೇಂಬರ್ಲೇನ್ ಎಂಬ ಮೂವರು ದಿಗ್ಗಜರು. ಏಳನೇ ಪಂದ್ಯ ಲೇಕರ್ಸ್ ಊರಲ್ಲಿ. ಗೆಲ್ಲುವುದು ತಾವೇ ಎಂದು ಮಾಲೀಕರು ಚಾವಣಿಯಲ್ಲಿ ಸಾವಿರಾರು ಬಲೂನು ಕಟ್ಟಿಸಿ, ಗೆದ್ದ ಮೇಲೆ ಏನೇನು ನಡೆಯುತ್ತದೆ ಎಂಬ ಚೀಟಿಯನ್ನೂ ಅಚ್ಚು ಹಾಕಿಸಿದ್ದರು. ಆ ಚೀಟಿ ರಸೆಲ್ ಕೈಗೆ ಸಿಕ್ಕಿತು. ಕೊನೆಯಲ್ಲಿ ಡಾನ್ ನೆಲ್ಸನ್ ಎಸೆದ ಬಾಲ್ ರಿಂಗಿನ ಹಿಂಬದಿಗೆ ಬಡಿದು, ಮೇಲಕ್ಕೆ ಚಿಮ್ಮಿ, ನೇರ ಒಳಗೆ ಬಿತ್ತು. 108–106. ಬಲೂನುಗಳು ಮೇಲೆಯೇ ಉಳಿದವು. ಸೋತ ತಂಡದ ವೆಸ್ಟ್ ಅವರಿಗೆ ಫೈನಲ್ಸ್‌ನ ಶ್ರೇಷ್ಠ ಆಟಗಾರ ಗೌರವ ಸಿಕ್ಕಿತು, ಸೋತವರಿಗೆ ಅದು ಸಿಕ್ಕಿದ್ದು ಅದೊಂದೇ ಸಲ. ರಸೆಲ್ ಅಲ್ಲಿಗೆ ಆಟ ನಿಲ್ಲಿಸಿದರು. 2022ರಲ್ಲಿ ಅವರು ತೀರಿಕೊಂಡ ಮೇಲೆ ಅವರ ಜೆರ್ಸಿಯ 6ನೇ ನಂಬರನ್ನು ಇಡೀ ಲೀಗಿನಲ್ಲಿ ಯಾರಿಗೂ ಹೊಸದಾಗಿ ಕೊಡದಂತೆ ಎತ್ತಿಟ್ಟಿದ್ದಾರೆ.

ಆದರೂ, ಆ ಹದಿಮೂರು ವರ್ಷದಲ್ಲಿ ಆಟಗಾರರು ಬಂದರು, ಹೋದರು. ಹನ್ನೊಂದರಲ್ಲೂ ಇದ್ದವರು ರಸೆಲ್ ಒಬ್ಬರೇ. ನನ್ನ ಪ್ರಕಾರ ಅದು ಒಂದು ವಂಶ. ಬುಲ್ಸ್ ಒಂದು ತಂಡ. ಇಷ್ಟೇ ನಮ್ಮಿಬ್ಬರ ನಡುವಿನ ವ್ಯತ್ಯಾಸ, ತಾವು ದೊಡ್ಡ ಮನಸ್ಸು ಮಾಡಬೇಕು.

ಪ್ರಶ್ನೆ: ಅದೇ ಬಾಸ್ಟನ್‌ನ 1985–86ರ ತಂಡ? (ಮಂಗಳೂರಿನಿಂದ)

ಉತ್ತರ: ನನ್ನ ಪಟ್ಟಿಯಲ್ಲಿ ಬುಲ್ಸ್ ಬೆನ್ನಿಗೇ ಅದು. ಲ್ಯಾರಿ ಬರ್ಡ್, ಕೆವಿನ್ ಮೆಕ್‌ಹೇಲ್, ರಾಬರ್ಟ್ ಪ್ಯಾರಿಶ್, ಬೆಂಚಿನಿಂದ ಬಿಲ್ ವಾಲ್ಟನ್. ತವರಿನಲ್ಲಿ 41 ಪಂದ್ಯ ಆಡಿ ಒಂದೇ ಸೋತರು. ಪ್ಲೇಆಫ್‌ನ ಮೊದಲ ಸುತ್ತಿನಲ್ಲಿ ಇದೇ ಜೋರ್ಡಾನ್, ಇನ್ನೂ ಎಳೆಯ ಹುಡುಗ, ಅವರ ಮೇಲೆ ಒಂದೇ ಪಂದ್ಯದಲ್ಲಿ 63 ಅಂಕ ಹಾಕಿದರು. ಪ್ಲೇಆಫ್‌ನಲ್ಲಿ ಆ ದಾಖಲೆ ಇನ್ನೂ ಮುರಿದಿಲ್ಲ. ಗೆದ್ದವರು ಯಾರು? ಸೆಲ್ಟಿಕ್ಸ್, ಎರಡು ಓವರ್‌ಟೈಮ್ (ಸಮವಾದಾಗ ಆಡಿಸುವ ಹೆಚ್ಚುವರಿ ಅವಧಿ) ಆಡಿ, 135–131. ಒಬ್ಬನೇ ಎಷ್ಟೇ ದೊಡ್ಡವನಾದರೂ ತಂಡದ ಎದುರು ಸಾಲದು ಅಂತ ಜೋರ್ಡಾನ್ ಅವತ್ತು ಕಂಡರು. ಹತ್ತು ವರ್ಷದ ಮೇಲೆ 19ಕ್ಕೆ 5 ಹಾಕಿದ ದಿನ ಅವರ ಸುತ್ತ ತಂಡ ಇತ್ತು.

ಪ್ರಶ್ನೆ: ಎನ್‌ಬಿಎ ಹುಟ್ಟುವ ಮೊದಲು ವೃತ್ತಿಪರ ತಂಡಗಳೇ ಇರಲಿಲ್ಲವೇ? (ಧಾರವಾಡದಿಂದ)

ಉತ್ತರ: ಇದ್ದವು, ಮತ್ತು ಅವುಗಳ ಮಾತು ಎತ್ತದೆ ಶ್ರೇಷ್ಠರ ಪಟ್ಟಿ ಬರೆಯುವುದು ಅನ್ಯಾಯ. ನ್ಯೂಯಾರ್ಕಿನ ಹಾರ್ಲೆಮ್‌ನಲ್ಲಿ 1923ರಲ್ಲಿ ಬಾಬ್ ಡಗ್ಲಸ್ ಕಟ್ಟಿದ ನ್ಯೂಯಾರ್ಕ್ ರೆನ್ಸ್, ಪೂರ್ತಿ ಕಪ್ಪು ಆಟಗಾರರ ವೃತ್ತಿಪರ ತಂಡ. ಡ್ಯಾನ್ಸ್ ಹಾಲಿನ ನೆಲವೇ ಅವರ ಕೋರ್ಟ್. ಬಿಳಿಯರ ಲೀಗುಗಳು ಸೇರಿಸಿಕೊಳ್ಳುತ್ತಿರಲಿಲ್ಲ, ಹಾಗಾಗಿ ಬಸ್ ಮಾಡಿಕೊಂಡು ಊರೂರು ತಿರುಗಿ ಆಡಿದರು. ಎಷ್ಟೋ ಊರಲ್ಲಿ ರೂಮ್ ಕೊಡದೆ ಬಸ್ಸಿನಲ್ಲೇ ಮಲಗಿದರು. 1932–33ರಲ್ಲಿ ಸತತ 88 ಪಂದ್ಯ ಗೆದ್ದರು. 1939ರಲ್ಲಿ ಶಿಕಾಗೊದಲ್ಲಿ ನಡೆದ ಮೊದಲ ವಿಶ್ವ ವೃತ್ತಿಪರ ಟೂರ್ನಿಯ ಫೈನಲ್‌ನಲ್ಲಿ ಆಷ್‌ಕಾಷ್ ತಂಡವನ್ನು 34–25ಕ್ಕೆ ಸೋಲಿಸಿದರು. ಎನ್‌ಬಿಎಗೆ ಕಪ್ಪು ಆಟಗಾರರು ಬಂದದ್ದೇ 1950ರಲ್ಲಿ. ರೆನ್ಸ್ ಆಟದ ವಿಡಿಯೊ ನಮಗೆ ಪೂರ್ತಿ ಸಿಕ್ಕಿದ್ದರೆ ನನ್ನ ಆ ಒಂದು ಸಾಲಿನ ಉತ್ತರ ಬದಲಾಗುತ್ತಿತ್ತೋ ಏನೋ.

ಪ್ರಶ್ನೆ: ಹೆಣ್ಣುಮಕ್ಕಳ ತಂಡ ಒಂದೂ ಇಲ್ಲವಾ ನಿಮ್ಮ ಪಟ್ಟಿಯಲ್ಲಿ? (ಉಡುಪಿಯ ಓದುಗರು)

ಉತ್ತರ: ಹ್ಯೂಸ್ಟನ್ ಕಾಮೆಟ್ಸ್. ಅಮೆರಿಕದ ಮಹಿಳೆಯರ ಲೀಗ್ ಡಬ್ಲ್ಯುಎನ್‌ಬಿಎ ಶುರುವಾದ 1997ರಿಂದ 2000ದವರೆಗೆ ನಾಲ್ಕಕ್ಕೆ ನಾಲ್ಕೂ ಪ್ರಶಸ್ತಿ ಅವರದೇ. 1998ರಲ್ಲಿ 30ರಲ್ಲಿ 27 ಗೆದ್ದರು, ಶೇಕಡ 90. ಲೆಕ್ಕ ಹಾಕಿ ನೋಡಿ, 82ರಲ್ಲಿ 72 ಗೆದ್ದ ಬುಲ್ಸ್‌ನ ಶೇಕಡಕ್ಕಿಂತ ಅದು ಜಾಸ್ತಿ. ಸಿಂಥಿಯಾ ಕೂಪರ್, ಶೆರಿಲ್ ಸ್ವೂಪ್ಸ್, ಟೀನಾ ಥಾಂಪ್ಸನ್. ಇವರಿಗೆಲ್ಲ ಬಾಲ್ ಹಂಚುತ್ತಿದ್ದ ಪುಟ್ಟ ಗಾರ್ಡ್ ಕಿಮ್ ಪೆರೊ 1999ರ ಆಗಸ್ಟ್‌ನಲ್ಲಿ ಶ್ವಾಸಕೋಶದ ಕ್ಯಾನ್ಸರ್‌ನಿಂದ ತೀರಿಕೊಂಡರು. ತಿಂಗಳು ಕಳೆಯುವ ಮೊದಲೇ ಫೈನಲ್ಸ್. ಎರಡನೇ ಪಂದ್ಯ ಇನ್ನೇನು ಗೆದ್ದರು ಅನ್ನುವಾಗ ನ್ಯೂಯಾರ್ಕ್‌ನ ತೆರೇಸಾ ವೆದರ್‌ಸ್ಪೂನ್ ಅರ್ಧ ಕೋರ್ಟಿನಿಂದ ಎಸೆದ ಬಾಲ್ ಒಳಗೆ ಬಿತ್ತು, 68–67. ಹೃದಯ ಒಡೆಯುವ ಸೋಲು. ಮಾರನೇ ದಿನವೇ ಕಾಮೆಟ್ಸ್ ಮತ್ತೆ ಕೋರ್ಟಿಗಿಳಿದು ಮೂರನೇ, ಕೊನೆಯ ಪಂದ್ಯವನ್ನು 59–47ಕ್ಕೆ ಗೆದ್ದಿತು. 2008ರಲ್ಲಿ ತಂಡವನ್ನೇ ಮುಚ್ಚಿದರು, ನನಗೆ ಇವತ್ತಿಗೂ ಅದು ನೋವು.

ಪ್ರಶ್ನೆ: ನನ್ನ ಮಗಳು ಎಂಟನೇ ಕ್ಲಾಸ್, ಶಾಲೆಯ ತಂಡದಲ್ಲಿದ್ದಾಳೆ. ತಾಲ್ಲೂಕು ಮಟ್ಟದ ಪಂದ್ಯಗಳಲ್ಲಿ ಇದುವರೆಗೆ ಒಂದೂ ಅಂಕ ಹಾಕಿಲ್ಲ ಅಂತ ಬೇಜಾರು ಮಾಡಿಕೊಂಡಿದ್ದಾಳೆ. ಅವಳಿಗೆ ಯಾವ ಪಂದ್ಯ ತೋರಿಸಲಿ? (ಮಂಡ್ಯದ ತಾಯಿಯೊಬ್ಬರು)

ಉತ್ತರ: 1996ರ ಆ ಆರನೇ ಪಂದ್ಯವನ್ನೇ ತೋರಿಸಿ ಅಮ್ಮಾ. ಮೊದಲ ಸಲ ಸುಮ್ನೆ ನೋಡಲಿ. ಎರಡನೇ ಸಲ ಬಾಲ್ ನೋಡುವುದು ಬೇಡ ಅಂತ ಹೇಳಿ, 91ನೇ ನಂಬರ್ ಒಬ್ಬರನ್ನೇ ನೋಡಲಿ. ಶಾಟ್ ಕೈಬಿಟ್ಟ ಕೂಡಲೇ ಉಳಿದವರೆಲ್ಲ ಮೇಲೆ ನೋಡುತ್ತಾ ನಿಂತಿರುತ್ತಾರೆ, ರಾಡ್‌ಮನ್ ಮಾತ್ರ ಆಗಲೇ ನಡೆಯಲು ಶುರುಮಾಡಿರುತ್ತಾರೆ. ಮೂಲೆಯಿಂದ ಎಸೆದ ಶಾಟ್ ತಪ್ಪಿದರೆ ಹೆಚ್ಚಿನ ಸಲ ಆಚೆ ಬದಿಗೆ ಬೀಳುತ್ತದೆ, ದೂರದಿಂದ ಎಸೆದದ್ದು ದೂರಕ್ಕೆ ಚಿಮ್ಮುತ್ತದೆ. ಮೊದಲು ಎದುರಾಳಿಯನ್ನು ಬೆನ್ನಿನಿಂದ ತಡೆದು ನಿಲ್ಲಬೇಕು, ಆಮೇಲೆ ಬಾಲ್. ಎತ್ತರ ಕಡಿಮೆ ಇದ್ದರೂ ಇದನ್ನು ಕಲಿಯಬಹುದು.

ಮುಂದಿನ ಪಂದ್ಯಕ್ಕೆ ನೀವು ಹೋದಾಗ ಒಂದು ಚೀಟಿ, ಪೆನ್ನು ತಗೊಂಡು ಹೋಗಿ. ಅವಳ ಅಂಕ ಬರೆಯಬೇಡಿ, ರಿಬೌಂಡ್ ಎಣಿಸಿ. ಎಷ್ಟಾಯಿತು ಅಂತ ನನಗೆ ಬರೆಯಿರಿ, ಇದೇ ಪುಟದಲ್ಲಿ ಹಾಕುತ್ತೇನೆ.